ಮೂರು ಪುಟಗಳ ಪ್ರಬಂಧ ಮತ್ತು ಅದರ ಲೆಕ್ಕಪುಸ್ತಕ

1987ರ ಸೆಪ್ಟೆಂಬರ್‌ನಲ್ಲಿ ‘ಅಪ್ಲೈಡ್ ಫಿಸಿಕ್ಸ್ ಲೆಟರ್ಸ್’ ಪತ್ರಿಕೆಯಲ್ಲಿ ಮೂರೇ ಪುಟಗಳ ಒಂದು ಪ್ರಬಂಧ ಅಚ್ಚಾಯಿತು. ಬರೆದವರು ಅಮೆರಿಕದ ರಾಚೆಸ್ಟರ್‌ನಲ್ಲಿದ್ದ ಕೊಡಾಕ್ ಪ್ರಯೋಗಾಲಯದ ಚಿಂಗ್ ಟ್ಯಾಂಗ್ ಮತ್ತು ಸ್ಟೀವನ್ ವ್ಯಾನ್ ಸ್ಲೈಕ್. ಅದರಲ್ಲಿದ್ದದ್ದು ಬೆಳಕು ಸೂಸುವ ಒಂದು ತೆಳು ಸಾಧನದ ವಿವರಣೆ: ಗಾಜಿನ ಮೇಲೆ ಇಂಡಿಯಂ ಮತ್ತು ತವರದ ಆಕ್ಸೈಡಿನ ಪಾರದರ್ಶಕ ಲೇಪ, ಅದರ ಮೇಲೆ ಧನಾವೇಶವನ್ನು ಸಾಗಿಸುವ ಡೈಅಮೀನ್ ಪದರ, ಅದರ ಮೇಲೆ ಬೆಳಕು ಸೂಸುವ ಅಲ್ಯೂಮಿನಿಯಂ ಸಂಯುಕ್ತ, ಕೊನೆಗೆ ಬೆಳ್ಳಿ ಬೆರೆಸಿದ ಮೆಗ್ನೀಷಿಯಂ. ನಡುವಿನ ಎರಡೂ ಸಾವಯವ (ಇಂಗಾಲ ಆಧಾರಿತ) ಪದರಗಳು ಸೇರಿದರೂ ಅವುಗಳ ದಪ್ಪ ಕೂದಲೆಳೆಯ ನೂರನೇ ಒಂದು ಭಾಗಕ್ಕಿಂತ ಕಡಿಮೆ. ಇದಕ್ಕೆ 10 ವೋಲ್ಟಿಗಿಂತ ಕಡಿಮೆ ವಿದ್ಯುತ್ತು ಹರಿಸಿದರೆ ಚದರ ಮೀಟರಿಗೆ 1000 ಕ್ಯಾಂಡೆಲಾವನ್ನೂ ಮೀರಿದ ಹಸಿರು ಬೆಳಕು ಹೊಮ್ಮುತ್ತಿತ್ತು. ಇಂದಿನ ಫೋನು, ಟಿವಿಗಳ ಒಎಲ್ಇಡಿ (ಸಾವಯವ ಬೆಳಕು-ಸೂಸುವ ಡಯೋಡ್) ಪರದೆಗಳ ಮೂಲ ವಿನ್ಯಾಸ ಇದೇ. ಈ ಪ್ರಬಂಧವನ್ನು ಉಲ್ಲೇಖಿಸಿರುವ ಬರಹಗಳ ಸಂಖ್ಯೆ ಹತ್ತು ಸಾವಿರವನ್ನು ಎಂದೋ ದಾಟಿದೆ.

ಆದರೆ ಉಲ್ಲೇಖಗಳ ಲೆಕ್ಕದಲ್ಲಿ ಕಾಣದ ಒಂದು ಸಂಗತಿಯಿದೆ. ಸಾವಯವ ವಸ್ತು ವಿದ್ಯುತ್ತಿನಿಂದ ಬೆಳಗುವುದು ಆ ಹೊತ್ತಿಗೆ ಹೊಸ ಸುದ್ದಿಯೇನೂ ಆಗಿರಲಿಲ್ಲ. ನ್ಯೂಯಾರ್ಕ್ ವಿಶ್ವವಿದ್ಯಾಲಯದ ಮಾರ್ಟಿನ್ ಪೋಪ್ ಮತ್ತು ಸಂಗಡಿಗರು 1963ರಲ್ಲೇ ಆಂತ್ರಸೀನ್ ಹರಳಿನಲ್ಲಿ ಅದನ್ನು ತೋರಿಸಿದ್ದರು. ಆದರೆ ಅದಕ್ಕೆ ನೂರಾರು ವೋಲ್ಟ್ ಬೇಕಾಗಿತ್ತು. ಟ್ಯಾಂಗ್ ಅವರು ಇಂತಹ ಸಾಧನಕ್ಕೆ ಪೇಟೆಂಟ್ ಅರ್ಜಿ ಸಲ್ಲಿಸಿದ್ದು 1980ರಲ್ಲಿ. ಅಂದರೆ ಅವರು ಈ ಕೆಲಸದಲ್ಲಿ ತೊಡಗಿ ಕನಿಷ್ಠ ಏಳು ವರ್ಷಗಳಾದ ಮೇಲೆ ಜಗತ್ತು ಓದಿದ ಆ ಮೂರು ಪುಟಗಳು ಬಂದವು. ಕಂಪನಿಯ ಪ್ರಯೋಗಾಲಯದಲ್ಲಿ ದುಡಿಯುವ ಸಂಶೋಧಕರ ವಿಷಯದಲ್ಲಿ ಇದು ಸಾಮಾನ್ಯ: ಕೆಲಸದ ಬಹುಭಾಗ ಪೇಟೆಂಟುಗಳಲ್ಲಿ ಉಳಿಯುತ್ತದೆ, ಪ್ರಬಂಧಗಳ ಪಟ್ಟಿ ಚಿಕ್ಕದಾಗಿಯೇ ಇರುತ್ತದೆ.

ಪಟ್ಟಿಗಳನ್ನು ಅಳೆಯಲು ಇಂದು ಹೆಚ್ಚು ಬಳಕೆಯಲ್ಲಿರುವ ಎಚ್-ಸೂಚ್ಯಂಕವನ್ನು 2005ರಲ್ಲಿ ಸೂಚಿಸಿದವರು ಭೌತವಿಜ್ಞಾನಿ ಹೋರ್ಹೆ ಹಿರ್ಶ್. ಅದರ ಲೆಕ್ಕ ಸುಲಭ. ಒಬ್ಬರ ಐದು ಪ್ರಬಂಧಗಳಿಗೆ ಕ್ರಮವಾಗಿ 300, 40, 12, 6, 3 ಉಲ್ಲೇಖಗಳಿವೆ ಎಂದುಕೊಳ್ಳಿ. ಕನಿಷ್ಠ ನಾಲ್ಕು ಉಲ್ಲೇಖಗಳಿರುವ ಪ್ರಬಂಧಗಳು ನಾಲ್ಕು ಇವೆ, ಹಾಗಾಗಿ ಸೂಚ್ಯಂಕ 4. ಇನ್ನೊಬ್ಬರದು 10000, 10, 8, 3, 1 ಎಂದಿಟ್ಟುಕೊಳ್ಳಿ. ಅವರ ಸೂಚ್ಯಂಕ ಕೇವಲ 3. ಒಂದು ಇಡೀ ಉದ್ಯಮಕ್ಕೆ ದಾರಿ ತೆರೆದವರು ಈ ಅಳತೆಯಲ್ಲಿ ಹಿಂದೆ ಬೀಳುತ್ತಾರೆ. ನೇಮಕಾತಿ, ಬಡ್ತಿಗಳಿಗೆ ಈ ಒಂದೇ ಅಂಕಿಯನ್ನು ಆಧರಿಸುವುದು ಅನ್ಯಾಯವೆಂದೇ ನನ್ನ ಅಭಿಪ್ರಾಯ.

ಹಾಗೆಂದು ಉಲ್ಲೇಖಗಳು ವ್ಯರ್ಥವಲ್ಲ; ಎಣಿಸುವ ಬದಲು ಹಿಂಬಾಲಿಸಿದರೆ ಅವು ಬಹಳಷ್ಟನ್ನು ಹೇಳುತ್ತವೆ. ಸಾಧನದೊಳಗೆ ಇಲೆಕ್ಟ್ರಾನು ಮತ್ತು ‘ರಂಧ್ರ’ (ಇಲೆಕ್ಟ್ರಾನು ಇಲ್ಲದ, ಧನಾವೇಶದಂತೆ ಚಲಿಸುವ ಖಾಲಿ ಜಾಗ) ಜೋಡಿಯಾದಾಗ, ಇಂತಹ ನಾಲ್ಕು ಜೋಡಿಗಳಲ್ಲಿ ಸರಾಸರಿ ಒಂದು ಮಾತ್ರ ಸಾಮಾನ್ಯ ವಸ್ತುಗಳಲ್ಲಿ ಬೆಳಕು ಕೊಡಬಲ್ಲ ಸ್ಥಿತಿಯಲ್ಲಿರುತ್ತದೆ. ಉಳಿದ ಮೂರರ ಶಕ್ತಿ ಬಿಸಿಯಾಗಿ ಸೋರಿಹೋಗುತ್ತದೆ. 1998ರಲ್ಲಿ ಮಾರ್ಕ್ ಬಾಲ್ಡೊ, ಸ್ಟೀಫನ್ ಫಾರೆಸ್ಟ್, ಮಾರ್ಕ್ ಥಾಮ್ಸನ್ ಮತ್ತು ಸಂಗಡಿಗರು ಪ್ಲಾಟಿನಂ ಇರುವ ಅಣುವೊಂದನ್ನು ಬೆರೆಸಿ ಆ ಮೂರನ್ನೂ ಬೆಳಕಿಗೆ ತಂದರು. 2012ರಲ್ಲಿ ಜಪಾನಿನ ಕ್ಯುಶು ವಿಶ್ವವಿದ್ಯಾಲಯದ ಚಿಹಾಯ ಅದಾಚಿ ಅವರ ತಂಡ ಅಂತಹ ದುಬಾರಿ ಲೋಹವಿಲ್ಲದೆಯೇ ಅದು ಸಾಧ್ಯವೆಂದು ತೋರಿಸಿತು. ಇವು ಪ್ರಕಟವಾದ ವರ್ಷಗಳ ನಂತರ ಉಲ್ಲೇಖಗಳ ಪ್ರವಾಹ ಹೊಸ ಕಡೆಗೆ ತಿರುಗುವುದನ್ನು, ನೂರಾರು ಪ್ರಯೋಗಾಲಯಗಳು ಏಕಕಾಲಕ್ಕೆ ವಸ್ತು ಬದಲಾಯಿಸಿದ್ದನ್ನು ಪ್ರಬಂಧಗಳ ಪಟ್ಟಿಗಳಲ್ಲೇ ಕಾಣಬಹುದು.

ದಕ್ಷತೆಯ ದಾಖಲೆಗಳಿಗೆ ಸಿಗುವಷ್ಟು ಉಲ್ಲೇಖ ಬಾಳಿಕೆಯ ಅಧ್ಯಯನಗಳಿಗೆ ಸಿಗುವುದಿಲ್ಲ. ಅತ್ಯಂತ ಕಠಿಣವಾದದ್ದು ನೀಲಿ ಬಣ್ಣ: ಅದರ ಫೋಟಾನಿನ ಶಕ್ತಿ ಹೆಚ್ಚು, ಆ ಶಕ್ತಿಯನ್ನು ಹೊತ್ತ ಅಣುವಿನ ಬಂಧಗಳೇ ಮುರಿಯುತ್ತವೆ. ಕೆಂಪು ಮತ್ತು ಹಸಿರಿಗೆ 1998ರ ತತ್ತ್ವದ ವಸ್ತುಗಳು ಫೋನುಗಳ ಪರದೆಗೆ ಬಂದು ಎಷ್ಟೋ ವರ್ಷಗಳಾದರೂ ನೀಲಿಗೆ ಹಳೆಯ ವಸ್ತುವನ್ನೇ ನೆಚ್ಚಿಕೊಳ್ಳಬೇಕಾಯಿತು. ಆದ್ದರಿಂದ ಈ ಕ್ಷೇತ್ರದವರೊಬ್ಬರ ಪಟ್ಟಿ ಕೈಗೆ ಬಂದಾಗ ನಾನು ಮೊದಲು ಹುಡುಕುವುದು ಪ್ರಬಂಧಗಳ ಕೊನೆಯ ಪುಟಗಳಲ್ಲಿ ಅಡಗಿರುವ ಒಂದು ಸಣ್ಣ ರೇಖಾಚಿತ್ರವನ್ನು: ಗಂಟೆಗಳು ಉರುಳಿದಂತೆ ಹೊಳಪು ಎಷ್ಟು ಇಳಿಯಿತು, ಮೊದಲಿನ ಶೇಕಡಾ 95ಕ್ಕೆ ಕುಸಿಯಲು ಎಷ್ಟು ಗಂಟೆ ಬೇಕಾಯಿತು ಎಂದು ತೋರಿಸುವ ಆ ಇಳಿಜಾರು ಗೆರೆ.