ದೇಶಕ್ಕೆ ಎಷ್ಟನೇ ರ್‍ಯಾಂಕ್? ಮೊದಲು ಅಳತೆಗೋಲು ನೋಡಿ

‘ಜಗತ್ತಿನ ಇಷ್ಟನೇ ದೊಡ್ಡ ಆರ್ಥಿಕತೆ’ ಅಂತ ಎಲ್ಲಾದರೂ ಕಂಡರೆ, ಪಕ್ಕದಲ್ಲೇ ಒಂದು ಪ್ರಶ್ನೆ ಬರೆದುಕೊಳ್ಳಿ: ಯಾವ ಲೆಕ್ಕದಲ್ಲಿ?

ಸುದ್ದಿಯಲ್ಲಿ ಬರುವುದು ಹೆಚ್ಚಾಗಿ ಡಾಲರ್ ಜಿಡಿಪಿ. ಒಂದು ವರ್ಷದಲ್ಲಿ ದೇಶದೊಳಗೆ ತಯಾರಾದ ಸರಕು, ಸೇವೆಗಳ ಒಟ್ಟು ಬೆಲೆಯನ್ನು ಅಲ್ಲಿನ ಹಣದಲ್ಲಿ ಲೆಕ್ಕ ಹಾಕಿ, ವಿನಿಮಯ ದರದಲ್ಲಿ ಡಾಲರಿಗೆ ಬದಲಿಸುತ್ತಾರೆ. ಎಡವಟ್ಟು ಆಗೋದು ಇಲ್ಲೇ. 2023ರಲ್ಲಿ ಜಪಾನ್ 3ನೇ ಸ್ಥಾನವನ್ನು ಜರ್ಮನಿಗೆ ಬಿಟ್ಟುಕೊಟ್ಟು 4ಕ್ಕೆ ಇಳಿಯಿತು. ತಮಾಷೆ ಅಂದ್ರೆ, ಆ ವರ್ಷ ಜಪಾನ್ ಬೆಳೆದಿತ್ತು, ಜರ್ಮನಿ ತುಸು ಕುಗ್ಗಿತ್ತು. ಯೆನ್ ಸೊರಗಿದ್ದರಿಂದ ಡಾಲರ್ ಲೆಕ್ಕದಲ್ಲಿ ಜಪಾನ್ ಚಿಕ್ಕದಾಗಿ ಕಂಡಿತು, ಅಷ್ಟೇ.

ಇದಕ್ಕೆ ಪರ್ಯಾಯ ಪಿಪಿಪಿ, ಅಂದರೆ ಕೊಳ್ಳುವ ಶಕ್ತಿಯ ಲೆಕ್ಕ. ಒಂದೇ ಥರದ ಕ್ಷೌರಕ್ಕೆ ಬಡ ದೇಶದಲ್ಲಿ ಕಡಿಮೆ ಕಾಸು, ಶ್ರೀಮಂತ ದೇಶದಲ್ಲಿ ಜಾಸ್ತಿ. ಕೆಲಸ ಮಾತ್ರ ಒಂದೇ ಅಲ್ವಾ? ಈ ಬೆಲೆಯ ವ್ಯತ್ಯಾಸವನ್ನು ಪಿಪಿಪಿ ಸರಿದೂಗಿಸುತ್ತದೆ. ಅಂತರರಾಷ್ಟ್ರೀಯ ಹಣಕಾಸು ನಿಧಿಯ (ಐಎಂಎಫ್) ಅಂದಾಜಿನಲ್ಲಿ 2014ರಲ್ಲೇ ಚೀನಾ ಈ ಲೆಕ್ಕದಲ್ಲಿ ಅಮೆರಿಕವನ್ನು ಹಿಂದಿಕ್ಕಿತು. ಡಾಲರ್ ಲೆಕ್ಕದಲ್ಲಿ ಅಮೆರಿಕವೇ ಮುಂದಿತ್ತು. ಜನರ ಬದುಕು ಹೋಲಿಸಲು ನನಗೆ ಪಿಪಿಪಿಯೇ ಸರಿ ಅನಿಸುತ್ತದೆ, ಅದೂ ತಲಾ ಲೆಕ್ಕದಲ್ಲಿ. ಆದರೆ ವಿದೇಶಿ ಸಾಲ ತೀರಿಸಲು, ಹೊರಗಿನಿಂದ ತೈಲ ತರಿಸಲು ನಿಜವಾದ ಡಾಲರೇ ಬೇಕು.

ಜಿಡಿಪಿ ಅಂಕಿಯೇ ಅಲುಗಾಡಿದರೆ? 2014ರ ಏಪ್ರಿಲ್‌ನಲ್ಲಿ ನೈಜೀರಿಯಾ ತನ್ನ ಲೆಕ್ಕದ ಮೂಲ ವರ್ಷವನ್ನು, ಅಂದರೆ ಹೋಲಿಕೆಗೆ ಆಧಾರವಾಗಿ ಇಟ್ಟುಕೊಳ್ಳುವ ವರ್ಷವನ್ನು, 1990ರಿಂದ 2010ಕ್ಕೆ ಬದಲಿಸಿತು. ಹಳೇ ಲೆಕ್ಕದಲ್ಲಿ ಮೊಬೈಲ್ ಸೇವೆ, ಸಿನಿಮಾ ಉದ್ಯಮಕ್ಕೆಲ್ಲ ಸರಿಯಾದ ಜಾಗವೇ ಇರಲಿಲ್ಲ. ಹೊಸ ಲೆಕ್ಕದಲ್ಲಿ ಜಿಡಿಪಿ ಸುಮಾರು ಶೇ 89ರಷ್ಟು ದೊಡ್ಡದಾಯಿತು. ದೇಶ ದಕ್ಷಿಣ ಆಫ್ರಿಕಾವನ್ನು ದಾಟಿ ಖಂಡದಲ್ಲೇ ಮೊದಲಾಯಿತು. ಯಾರ ಜೇಬಿಗೂ ಒಂದು ಕಾಸು ಹೆಚ್ಚು ಬೀಳಲಿಲ್ಲ!

ಐರ್ಲೆಂಡ್ ಕಥೆ ಇನ್ನೂ ವಿಚಿತ್ರ. 2015ರ ಬೆಳವಣಿಗೆ ಶೇ 26 ಅಂತ ಮೊದಲು ಪ್ರಕಟವಾಯಿತು. ಮುಖ್ಯ ಕಾರಣ, ಬಹುರಾಷ್ಟ್ರೀಯ ಕಂಪನಿಗಳು ತಮ್ಮ ಪೇಟೆಂಟ್‌ನಂಥ ಆಸ್ತಿಯನ್ನು ಕಾಗದದ ಮೇಲೆ ಅಲ್ಲಿಗೆ ಸಾಗಿಸಿದ್ದು. ಅದರ ಗಳಿಕೆಯೂ ಅಲ್ಲಿನ ಲೆಕ್ಕಕ್ಕೇ ಸೇರಿತು. ಜಿಡಿಪಿ ನಂಬಿದರೆ ಕೆಲಸ ಕೆಡುತ್ತದೆ ಅಂತ ಆ ದೇಶ ತನಗಾಗಿಯೇ ಬೇರೆ ಅಳತೆ ಮಾಡಿಕೊಂಡಿತು.

ಐಎಂಎಫ್‌ನಲ್ಲಿ ದೇಶಗಳ ಪಾಲು (ಎಷ್ಟು ಹಣ ಹಾಕಬೇಕು, ಎಷ್ಟು ಮತ ಸಿಗುತ್ತದೆ ಅನ್ನೋದಕ್ಕೆ ಆಧಾರ) ಹೇಳುವ ಸೂತ್ರದಲ್ಲಿ ಎರಡೂ ಅಳತೆಗೋಲುಗಳಿವೆ. ಅದರ ಜಿಡಿಪಿ ಭಾಗದಲ್ಲಿ ಶೇ 60 ಡಾಲರ್ ಲೆಕ್ಕ, ಶೇ 40 ಪಿಪಿಪಿ. ಸೂತ್ರ ಏನೇ ಹೇಳಲಿ, ಪಾಲು ಬದಲಿಸಲು ಶೇ 85ರಷ್ಟು ಮತ ಬೇಕು. ಅಮೆರಿಕ ಒಂದರ ಕೈಯಲ್ಲೇ ಸುಮಾರು ಶೇ 16.5 ಮತ ಇದೆ. ಅದು ಬೇಡ ಅಂದರೆ, ಉಳಿದವರೆಲ್ಲ ಸೇರಿದರೂ ಶೇ 85 ಆಗೋದಿಲ್ಲ.