ಪದ ಪರಿಚಯ: ‘ಸ್ಮೋಕ್’ ಪರ್ಷಿಯನ್ ಎಂದರೆ ಯಾವ ಬಣ್ಣ?

ಹೋದ ಮಳೆಗಾಲದಲ್ಲಿ ಸಾಗರದಿಂದ ಅತ್ತಿಗೆ ಫೋನ್ ಮಾಡಿದ್ದರು. ಅವರ ಮನೆಯ ಪರ್ಷಿಯನ್ ಬೆಕ್ಕಿಗೆ ಹೊಟ್ಟೆಯಡಿ, ಕಂಕುಳ ಸಂದಿಯಲ್ಲಿ ಕೂದಲು ಗಂಟು ಕಟ್ಟಿತ್ತು. ಬಾಚಣಿಗೆ ಇಳಿಯದಿದ್ದಾಗ ಕತ್ತರಿ ಹಿಡಿದು ಗಂಟನ್ನೇ ಕತ್ತರಿಸಿದ್ದರು. “ಮಸಿಯ ಮೈ ಒಳಗೆಲ್ಲ ಬೆಳ್ಳಗಾಗಿದೆ ಮಾರಾಯ, ಏನೋ ರೋಗ ಹತ್ತಿದೆ” ಎಂದು ಅವರಿಗೆ ಗಾಬರಿ. ಮಸಿ ಅಂದರೆ ಆ ಬೆಕ್ಕು. ಬಚ್ಚಲ ಹಂಡೆಗೆ ಹಿಡಿದ ಮಸಿಯಷ್ಟು ಕಪ್ಪಗಿದೆ ಅಂತ ಮಕ್ಕಳು ಆ ಹೆಸರಿಟ್ಟಿದ್ದರು.

ಭಾನುವಾರ ಹೋಗಿ ನೋಡಿದೆ. ಕತ್ತರಿ ಆಡಿದ ಜಾಗದಲ್ಲಿ ಚರ್ಮ ಚೆನ್ನಾಗಿಯೇ ಇತ್ತು. ಹೊಟ್ಟು ಏಳುತ್ತಿರಲಿಲ್ಲ, ಕೆಂಪಾಗಿರಲಿಲ್ಲ, ಬೆಕ್ಕು ಕೆರೆದುಕೊಳ್ಳುತ್ತಲೂ ಇರಲಿಲ್ಲ. ಉಳಿದ ಮೋಟು ಕೂದಲು ಮಾತ್ರ ಹತ್ತಿಯ ಹಾಗೆ ಬೆಳ್ಳಗಿತ್ತು. ಕತ್ತರಿ ಮುಟ್ಟದ ಬೆನ್ನಿನ ಮೇಲೆ ಎರಡು ಬೆರಳಿಟ್ಟು ಕೂದಲು ಬಿಡಿಸಿದೆ. ಅಲ್ಲಿಯೂ ಮೇಲೆ ಕಪ್ಪು, ಬುಡದಲ್ಲಿ ಬಿಳಿ. ಬೆಕ್ಕು ತಂದ ದಿನ ಕೊಟ್ಟಿದ್ದ ಕಾಗದ ತೆಗೆಸಿ ನೋಡಿದರೆ ಬಣ್ಣದ ಸಾಲಿನಲ್ಲಿ ‘ಬ್ಲ್ಯಾಕ್ ಸ್ಮೋಕ್’ ಎಂದು ಬರೆದೇ ಇತ್ತು. ಅತ್ತಿಗೆ ಅದನ್ನು ‘ಹೊಗೆಗಪ್ಪು’ ಎಂದುಕೊಂಡು ಸುಮ್ಮನಾಗಿದ್ದರು.

ತಪ್ಪು ಆಗುವುದು ಇಲ್ಲಿಯೇ. ಸ್ಮೋಕ್ ಎಂದರೆ ಹೊಗೆ, ಹೊಗೆ ಎಂದರೆ ಬೂದು, ಆದ್ದರಿಂದ ಸ್ಮೋಕ್ ಬೆಕ್ಕು ಎಂದರೆ ಬೂದು ಬೆಕ್ಕು ಎಂದು ಲೆಕ್ಕ ಹಾಕುತ್ತೇವೆ. ಬೆಕ್ಕು ಸಾಕುವವರ ಮಾತಿನಲ್ಲಿ ಸ್ಮೋಕ್ ಎಂಬುದು ಬಣ್ಣದ ಹೆಸರೇ ಅಲ್ಲ. ಒಂದೊಂದು ಕೂದಲಿನೊಳಗೆ ಬಣ್ಣ ಎಲ್ಲಿಂದ ಎಲ್ಲಿಯವರೆಗೆ ಇದೆ ಎಂಬುದನ್ನು ಹೇಳುವ ಪದ ಅದು. ತುದಿಯಿಂದ ಅರ್ಧಕ್ಕಿಂತ ಹೆಚ್ಚು ಭಾಗ ಗಾಢ ಬಣ್ಣವಿದ್ದು, ಬುಡ ಬೆಳ್ಳಗಿದ್ದರೆ ಅದು ಸ್ಮೋಕ್. ಆ ಗಾಢ ಬಣ್ಣ ಯಾವುದು ಎಂಬುದನ್ನು ಹಿಂದಿನ ಪದ ಹೇಳುತ್ತದೆ: ಬ್ಲ್ಯಾಕ್ ಸ್ಮೋಕ್, ಬ್ಲೂ ಸ್ಮೋಕ್, ರೆಡ್ ಸ್ಮೋಕ್, ಕಪ್ಪು ಕೆಂಪು ಬೆರೆತದ್ದಾದರೆ ಟಾರ್ಟಿ ಸ್ಮೋಕ್.

ಅತ್ತಿಗೆಗೆ ನಾನು ಬೆಂಕಿಕಡ್ಡಿ ಗೀರಿ ತೋರಿಸಿದೆ. ಹೊತ್ತಿಕೊಂಡ ಕೂಡಲೇ ಆರಿಸಿದರೆ ತುದಿಯಷ್ಟೇ ಕಪ್ಪಾಗುತ್ತದೆ, ಉಳಿದದ್ದು ಬಿಳಿ ಕಡ್ಡಿ. ಕೂದಲಿನ ಸುಮಾರು ಎಂಟನೇ ಒಂದು ಭಾಗ ಮಾತ್ರ ಹೀಗೆ ಬಣ್ಣ ಹಿಡಿದಿದ್ದರೆ ಆ ಬೆಕ್ಕು ‘ಚಿಂಚಿಲ್ಲಾ’. ದೂರದಿಂದ ಅಚ್ಚ ಬಿಳಿಯಾಗಿ ಕಾಣುವ, ಕಾಡಿಗೆ ಹಚ್ಚಿದಂಥ ಹಸಿರು ಕಣ್ಣಿನ ಪರ್ಷಿಯನ್ ಅದೇ. ಇನ್ನೊಂದು ಕಡ್ಡಿಯನ್ನು ಮೂರನೇ ಒಂದರಷ್ಟು ಉರಿಯಲು ಬಿಟ್ಟೆ. ಅದು ‘ಶೇಡೆಡ್ ಸಿಲ್ವರ್’. ಮೂರನೆಯದನ್ನು ಬೆರಳು ಸುಡುವ ತನಕ ಹಿಡಿದೆ. ಮೇಲಿಂದ ಕೆಳಗೆ ಇದ್ದಲಾಗಿ, ಬೆರಳು ಹಿಡಿದಲ್ಲಿ ಮಾತ್ರ ಬಿಳಿ ಉಳಿಯಿತು. “ಇದು ನಮ್ಮ ಮಸಿ” ಎಂದರು ಅತ್ತಿಗೆ. ಸರಿಯಾಗಿಯೇ ಹೇಳಿದರು. ಚಿಂಚಿಲ್ಲಾ, ಶೇಡೆಡ್, ಸ್ಮೋಕ್ ಮೂರೂ ಒಂದೇ ಬೆಳ್ಳಿ ಬಳಗದವು.

ಬುಡ ಬೆಳ್ಳಗಾಗಲು ಕಾರಣ ಒಂದು ವಂಶವಾಹಿ. ಕೂದಲು ಹುಟ್ಟುವಾಗ ಮೊದಲು ಹೊರಬರುವುದು ತುದಿ, ಕೊನೆಗೆ ಬುಡ. ತುದಿಗೆ ಬಣ್ಣ ತುಂಬಿದ ಮೇಲೆ ಈ ವಂಶವಾಹಿ ಬಣ್ಣದ ಹರಿವನ್ನು ತಡೆಯುತ್ತದೆ. ಅದಕ್ಕೇ ಅದಕ್ಕೆ ‘ಇನ್‌ಹಿಬಿಟರ್’, ಅಂದರೆ ತಡೆಯುವುದು, ಎಂದು ಹೆಸರು. ಇದು ಪ್ರಬಲ ವಂಶವಾಹಿ. ಅಪ್ಪ ಅಮ್ಮನಲ್ಲಿ ಒಬ್ಬರಿಂದ ಬಂದರೂ ಸಾಕು, ಮರಿಯಲ್ಲಿ ಕಾಣಿಸಿಕೊಳ್ಳುತ್ತದೆ. ಇಬ್ಬರಲ್ಲೂ ಇಲ್ಲದಿದ್ದರೆ ಮರಿಗೆ ಬರುವುದಿಲ್ಲ.

ಹಾಗಾದರೆ ಅದೇ ತಡೆ ಇದ್ದರೂ ಬಣ್ಣ ಒಂದು ಬೆಕ್ಕಿನಲ್ಲಿ ತುದಿಯಲ್ಲೇ ನಿಂತು ಇನ್ನೊಂದರಲ್ಲಿ ಬುಡದ ಹತ್ತಿರದ ತನಕ ಇಳಿಯುವುದೇಕೆ? ಮಲೆನಾಡಿನವರಿಗೆ ಇದನ್ನು ಹೇಳುವುದು ಸುಲಭ. ಕಾಡಂಚಿನಲ್ಲಿ ಬಿದ್ದ ಮುಳ್ಳುಹಂದಿ ಮುಳ್ಳನ್ನು ಆರಿಸಿ ತಂದು ಆಡದ ಮಕ್ಕಳು ನಮ್ಮಲ್ಲಿ ಕಡಿಮೆ. ಆ ಮುಳ್ಳಿನ ಮೇಲೆ ಕಪ್ಪು, ಬಿಳಿ, ಮತ್ತೆ ಕಪ್ಪು ಎಂದು ಪಟ್ಟಿಗಳಿರುತ್ತವೆ. ಊರ ಪಟ್ಟೆ ಬೆಕ್ಕಿನ ಒಂದು ಕೂದಲನ್ನು ಬಿಸಿಲಿಗೆ ಹಿಡಿದರೂ ಅಂಥದೇ ಗಾಢ-ತಿಳಿ ಪಟ್ಟಿಗಳು ಕಾಣುತ್ತವೆ. ಇಂಥ ಕೂದಲಿಗೆ ‘ಅಗೂಟಿ’ ಎನ್ನುತ್ತಾರೆ. ಅಗೂಟಿ ಬೆಕ್ಕಿಗೆ ಇನ್‌ಹಿಬಿಟರ್ ಸೇರಿದರೆ ತಿಳಿ ಪಟ್ಟಿಗಳು ಬೆಳ್ಳಿಯಾಗಿ ‘ಸಿಲ್ವರ್ ಟ್ಯಾಬಿ’, ಅಂದರೆ ಬೆಳ್ಳಿ ಪಟ್ಟೆ ಬೆಕ್ಕು, ಆಗುತ್ತದೆ. ಆ ತಿಳಿ ಪಟ್ಟಿ ಅಗಲವಾಗುತ್ತ ಹೋದ ಹಾಗೆ ಶೇಡೆಡ್, ಆಮೇಲೆ ಚಿಂಚಿಲ್ಲಾ. ಪಟ್ಟಿಯೇ ಇಲ್ಲದ, ಇಡೀ ಕೂದಲು ಒಂದೇ ಬಣ್ಣವಾಗಬೇಕಿದ್ದ ಬೆಕ್ಕಿಗೆ ಇನ್‌ಹಿಬಿಟರ್ ಸೇರಿದಾಗ ಮಾತ್ರ ಸ್ಮೋಕ್. ಹಾಗಾಗಿ ಬ್ಲ್ಯಾಕ್ ಸ್ಮೋಕ್ ಎಂದರೆ ಬುಡಕ್ಕೆ ಬಣ್ಣ ಇಳಿಯದೆ ಹೋದ ಕರಿ ಬೆಕ್ಕು. ಕೆಂಪು ಬೆಕ್ಕಿನ ವಿಷಯ ಬೇರೆ, ಅದರಲ್ಲಿ ಪಟ್ಟೆ ಪೂರ್ತಿ ಮರೆಯಾಗುವುದೇ ಇಲ್ಲ. ರೆಡ್ ಸ್ಮೋಕ್ ಗುರುತಿಸುವಾಗ ಪಳಗಿದವರೂ ತಡವರಿಸುತ್ತಾರೆ.

ಬೂದು ಬೆಕ್ಕಿಗೆ ಈ ಲೋಕದಲ್ಲಿ ‘ಬ್ಲೂ’ ಎನ್ನುತ್ತಾರೆ. ನಮ್ಮ ಕಣ್ಣಿಗೆ ಅದು ಒಲೆಬೂದಿಯ ಬಣ್ಣವೇ. ಕಪ್ಪು ಬಣ್ಣದ ಕಣಗಳು ಕೂದಲಿನಲ್ಲಿ ಸಮನಾಗಿ ಹರಡದೆ ಗುಂಪುಗುಂಪಾಗಿ ಕೂತಾಗ ಬರುವ ತಿಳಿಬಣ್ಣ ಅದು. ಬ್ಲೂ ಬೆಕ್ಕಿನ ಕೂದಲನ್ನು ಬಿಡಿಸಿದರೆ ಬುಡದವರೆಗೂ ಒಂದೇ ಬೂದು. ಇಂಥದನ್ನು ‘ಸ್ಮೋಕ್’ ಎಂದು ಹೇಳಿ ಹೆಚ್ಚು ದುಡ್ಡು ಕೇಳುವುದನ್ನು ಕಂಡಿದ್ದೇನೆ. ಸಾಕುವವರು ದುಡ್ಡು ಕಳೆದುಕೊಳ್ಳುವುದಕ್ಕಿಂತಲೂ, ಇಷ್ಟು ಖಚಿತವಾದ ಒಂದು ಪದ ಕೆಡುತ್ತದಲ್ಲ ಎಂಬುದೇ ನನಗೆ ಸಂಕಟ.

ಬೂದು ಬೆಕ್ಕಿನ ಮಾತು ಬಂದಾಗ ಸಾಗರದವರಿಗೆ ಒಂದು ಸಂಗತಿ ಹೇಳಲೇಬೇಕು. ಪರ್ಷಿಯಾದ ಉದ್ದ ಕೂದಲಿನ ಬೆಕ್ಕುಗಳ ಬಗ್ಗೆ ಯೂರೋಪಿಗೆ ಮೊದಮೊದಲು ಬರೆದು ತಿಳಿಸಿದವರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲೆ ಒಬ್ಬ. ಅವನು ಬಣ್ಣಿಸಿದ, ಅಲ್ಲಿನ ಖೊರಾಸಾನ್ ಪ್ರಾಂತ್ಯದ ಬೆಕ್ಕು ಪಟ್ಟೆ ಚುಕ್ಕೆಗಳಿಲ್ಲದ ಬೂದು ಬಣ್ಣದ್ದು, ಬೆನ್ನು ತಲೆಗಳಲ್ಲಿ ಗಾಢ, ಎದೆ ಹೊಟ್ಟೆಗಳಲ್ಲಿ ತಿಳಿ. ಅದೇ ದೆಲ್ಲಾ ವಾಲೆ ಪರ್ಷಿಯಾದಿಂದ ಮುಂದೆ ಹೊರಟು, 1623ರಲ್ಲಿ ಪೋರ್ಚುಗೀಸ್ ರಾಯಭಾರಿಯ ಜೊತೆ ಗೇರುಸೊಪ್ಪೆಯ ಹಾದಿಯಲ್ಲಿ ಘಟ್ಟ ಹತ್ತಿ ಇಕ್ಕೇರಿಗೆ ಬಂದ, ಕೆಳದಿಯ ವೆಂಕಟಪ್ಪ ನಾಯಕನ ಆಸ್ಥಾನ ಕಂಡ. ಅತ್ತಿಗೆಯ ಮನೆಯಿಂದ ಇಕ್ಕೇರಿ ದೇವಸ್ಥಾನಕ್ಕೆ ಸ್ಕೂಟರಿನಲ್ಲಿ ಹೋಗಿಬರುವಷ್ಟೇ ದೂರ. ಈಗಿನ ಪರ್ಷಿಯನ್ ತಳಿ ನೇರವಾಗಿ ಆ ಬೆಕ್ಕುಗಳ ಸಂತಾನ ಎಂದು ಮಾತ್ರ ತಿಳಿಯಬಾರದು. ವಂಶವಾಹಿ ಪರೀಕ್ಷೆಗಳಲ್ಲಿ ಅದು ಪಶ್ಚಿಮ ಯೂರೋಪಿನ ಬೆಕ್ಕುಗಳ ಗುಂಪಿಗೇ ಸೇರುತ್ತದೆ. 1871ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸಿನಲ್ಲಿ ದೊಡ್ಡ ಬೆಕ್ಕಿನ ಪ್ರದರ್ಶನ ನಡೆದ ಮೇಲೆ ಬಣ್ಣಕ್ಕೊಂದು ಹೆಸರು, ಹೆಸರಿಗೊಂದು ಲಕ್ಷಣ ಎಂದು ಬರೆದಿಡುವ ಕೆಲಸ ಇಂಗ್ಲೆಂಡಿನಲ್ಲಿ ಬೆಳೆಯಿತು. ಸ್ಮೋಕ್ ಪದವೂ ಆ ಪಟ್ಟಿಯಿಂದ ಬಂದದ್ದು.

ಒಳ್ಳೆಯ ಬ್ಲ್ಯಾಕ್ ಸ್ಮೋಕ್ ಪರ್ಷಿಯನ್ನಿಗೆ ಅಲ್ಲಿ ಹೇಳಿರುವ ಲಕ್ಷಣಗಳು ಇವು: ಮುಖ, ಕಾಲು ಕಪ್ಪು. ಕುತ್ತಿಗೆಯ ಸುತ್ತಲಿನ ಕುಚ್ಚು ಮತ್ತು ಕಿವಿಯೊಳಗಿನ ಗೊಂಚಲು ಬೆಳ್ಳಿ. ಮೂಗು, ಅಂಗಾಲು ಕಪ್ಪು. ಕಣ್ಣು ಹೊಳೆವ ತಾಮ್ರ. ಕೂತಾಗ ಕರಿ ಬೆಕ್ಕಿನ ಹಾಗೆಯೇ ಕಾಣಬೇಕು, ನಡೆದಾಗ ಒಳಗಿನ ಬಿಳಿ ಮಿಂಚಬೇಕು. ಜಗಲಿಯ ಮೇಲೆ ಮಸಿ ಎದ್ದು ಮೈಮುರಿದು ನಡೆದಾಗ ಇದನ್ನು ಕಣ್ಣಾರೆ ಕಂಡೆವು. ಪಕ್ಕೆಯ ಕೂದಲು ಬಿರಿದು ಮುಚ್ಚಿಕೊಳ್ಳುತ್ತಿತ್ತು, ಬಿರಿದಾಗಲೆಲ್ಲ ಒಳಗೆ ಬೆಳಕು ಹಾದಂತೆ. ಹೊಗೆ ಎಂದು ಕರೆದವರು ಇದನ್ನು ನೋಡಿಯೇ ಕರೆದಿರಬೇಕು ಅನ್ನಿಸಿತು. ಅಡಿಕೆ ಬೇಯಿಸುವ ಒಲೆಯ ಹೊಗೆ ಹೆಂಚಿನ ಸಂದಿಯಿಂದ ಏಳುವಾಗಲೂ ಒಂದು ಕಡೆ ಕಪ್ಪಾಗಿ, ಗಾಳಿ ಬೀಸಿದ ಕಡೆ ಬೆಳ್ಳಗೆ ತೆರೆದುಕೊಳ್ಳುತ್ತದೆ.

ಪರೀಕ್ಷೆಗೆ ಏನೂ ಸಲಕರಣೆ ಬೇಡ. ಬೆನ್ನಿನ ಮೇಲೆ ಬಾಯಿಂದ ಮೆಲ್ಲಗೆ ಊದಿದರೆ ಸಾಕು, ಕೂದಲು ಸುಳಿಯಾಗಿ ಬಿಡಿಸಿಕೊಂಡು ಬುಡ ಕಾಣುತ್ತದೆ. ಬಿಸಿಲಿಗೆ ಕರಿ ಕೂದಲು ಕೆಂಚಾಗುವುದುಂಟು, ಕೂದಲು ಉದುರುವ ದಿನಗಳಲ್ಲಿ ಮೈ ತೇಪೆ ಹಾಕಿದಂತೆ ಕಾಣುವುದುಂಟು. ಇವೆರಡೂ ರೋಗವಲ್ಲ. ಹೊಟ್ಟು ಎದ್ದು, ದುಂಡಗೆ ಕೂದಲು ಉದುರಿದರೆ ಅದು ಶಿಲೀಂಧ್ರವಿರಬಹುದು. ಪರ್ಷಿಯನ್ ಬೆಕ್ಕಿಗೆ ಅದು ಬೇಗ ತಗಲುತ್ತದೆ, ಮನುಷ್ಯರಿಗೂ ಅಂಟುತ್ತದೆ. ಆಗ ಪಶುವೈದ್ಯರಿಗೆ ತೋರಿಸಲೇಬೇಕು.

ಮರಿಗಳಲ್ಲಿ ಮಾತ್ರ ಊದುವ ಪರೀಕ್ಷೆ ಕೈಕೊಡುತ್ತದೆ. ಸ್ಮೋಕ್ ಮರಿ ಹುಟ್ಟಿದಾಗ ಹೆಚ್ಚುಕಡಿಮೆ ಪೂರ್ತಿ ಕಪ್ಪು. ಕಣ್ಣಿನ ಸುತ್ತ ಕನ್ನಡಕದಂತೆ ತಿಳಿ ವರ್ತುಲ, ಹೊಟ್ಟೆಯಡಿ ಸ್ವಲ್ಪ ಮಾಸಲು, ಅಷ್ಟೇ ಸುಳಿವು. ಬುಡದ ಬಿಳಿ ಕಾಣಲು ವಾರಗಳು ಬೇಕು, ಬಣ್ಣ ಪೂರ್ತಿ ಕುದುರಲು ಕೆಲವೊಮ್ಮೆ ಎರಡು ವರ್ಷವೂ ಹಿಡಿಯುತ್ತದೆ. ದೊಡ್ಡದಾದ ಮೇಲೂ ಕೆಲವು ಬೆಕ್ಕುಗಳಲ್ಲಿ ಬಿಳಿ ಎಷ್ಟು ಗಿಡ್ಡವೆಂದರೆ ಎಲ್ಲರೂ ಕರಿ ಬೆಕ್ಕು ಎಂದೇ ನಂಬಿ ಕಾಗದದಲ್ಲೂ ಹಾಗೆಯೇ ಬರೆಸಿರುತ್ತಾರೆ. ಮುಂದೆ ಇನ್ನೊಂದು ಕರಿ ಬೆಕ್ಕಿನ ಜೊತೆ ಕೂಡಿಸಿದಾಗ ಬೆಳ್ಳಿ ಬುಡದ ಮರಿ ಹುಟ್ಟುತ್ತದೆ. ಆಗ ಅಪ್ಪ ಅಮ್ಮ ಎರಡನ್ನೂ ಬೆಳಕಿಗೆ ಒಯ್ದು ಕೂದಲು ಬಿಡಿಸಿ ನೋಡಬೇಕು. ಎರಡರಲ್ಲಿ ಒಂದರ ಚರ್ಮಕ್ಕೆ ಅಂಟಿಕೊಂಡಂತೆ, ದಾರದೆಳೆಯಷ್ಟು ಬಿಳಿ ಇದ್ದೇ ಇರುತ್ತದೆ.