ಪದ ಪರಿಚಯ: ಕಾನ್ಷಿಯೆನ್ಷಿಯಸ್ ಅಬ್ಜೆಕ್ಟರ್

‘ಹ್ಯಾಕ್‌ಸಾ ರಿಡ್ಜ್’ (2016) ಸಿನಿಮಾ ನೋಡಿದ್ದರೆ ಈ ಪದ ನಿಮ್ಮ ಕಿವಿಗೆ ಬಿದ್ದಿರುತ್ತದೆ. ಕೊಲ್ಲುವುದಕ್ಕೆ ನನ್ನ ಮನಸ್ಸಾಕ್ಷಿ ಒಪ್ಪುವುದಿಲ್ಲ ಎಂದು ಯುದ್ಧದಲ್ಲಿ ಆಯುಧ ಹಿಡಿಯಲು ನಿರಾಕರಿಸುವವರನ್ನು ಹೀಗೆ ಕರೆಯುತ್ತಾರೆ. ಪುಕ್ಕಲರು, ಜೀವ ಉಳಿಸಿಕೊಳ್ಳಲು ನೆಪ ಹೇಳುತ್ತಾರೆ ಅಂತ ಜನ ಸುಲಭವಾಗಿ ಅಂದುಬಿಡುತ್ತಾರೆ. ಆ ಸಿನಿಮಾದ ನಿಜವಾದ ನಾಯಕ ಡೆಸ್ಮಂಡ್ ಡಾಸ್ ಅವರ ಬದುಕು ನೋಡಿದರೆ, ಅದು ಎಂಥ ಅನ್ಯಾಯದ ಮಾತು ಅಂತ ತಿಳಿಯುತ್ತದೆ.

ಎರಡನೇ ಮಹಾಯುದ್ಧದ ಹೊತ್ತಿಗೆ ಅಮೆರಿಕದ ಕಾನೂನು ಇಂಥವರಿಗೆ ಜಾಗ ಮಾಡಿಕೊಟ್ಟಿತ್ತು. ಸೇನೆಯೇ ಬೇಡ ಅಂದವರನ್ನು ಅರಣ್ಯದ ಕೆಲಸಕ್ಕೆ, ಮಾನಸಿಕ ಆಸ್ಪತ್ರೆಗಳಿಗೆ ಹಾಕುತ್ತಿದ್ದರು. ಅದಕ್ಕೂ ಒಪ್ಪದ ಸಾವಿರಾರು ಮಂದಿ ಜೈಲಿಗೆ ಹೋದರು. ಇನ್ನೊಂದು ದಾರಿಯೂ ಇತ್ತು. ಸಮವಸ್ತ್ರ ತೊಟ್ಟು, ಬಂದೂಕು ಮಾತ್ರ ಮುಟ್ಟದೆ ಸೇನೆಯಲ್ಲೇ ದುಡಿಯುವುದು. ಕಡತದಲ್ಲಿ ಇದಕ್ಕೆ 1-ಎ-ಒ ಅಂತ ಗುರುತು.

ಡಾಸ್ ಹಿಡಿದದ್ದು ಈ ದಾರಿ. ಅವರು ಸೆವೆಂತ್ ಡೇ ಅಡ್ವೆಂಟಿಸ್ಟ್ ಎಂಬ ಕ್ರೈಸ್ತ ಪಂಥದವರು. ವರ್ಜೀನಿಯಾದ ಹಡಗುಕಟ್ಟೆಯಲ್ಲಿ ಕೆಲಸವಿತ್ತು. ಬೇಕೆಂದಿದ್ದರೆ ಅಲ್ಲೇ ಉಳಿಯಬಹುದಿತ್ತು. ಆದರೂ 1942ರಲ್ಲಿ ಸೇನೆಗೆ ಹೋಗಿ ಮೆಡಿಕ್, ಅಂದರೆ ಗಾಯಾಳುಗಳನ್ನು ಉಪಚರಿಸುವ ಸೈನಿಕ, ಆದರು. ‘ಅಬ್ಜೆಕ್ಟರ್’ ಅನ್ನಿಸಿಕೊಳ್ಳುವುದು ಅವರಿಗೆ ಇಷ್ಟವಿರಲಿಲ್ಲ. ನಾನು ‘ಕೋಆಪರೇಟರ್’, ಸಹಕರಿಸುವವನು, ಅನ್ನುತ್ತಿದ್ದರು. ಜೊತೆಯವರು ಮಾತ್ರ ಸುಮ್ನೆ ಬಿಡಲಿಲ್ಲ. ಗೇಲಿ ಮಾಡಿದರು, ಪ್ರಾರ್ಥನೆಗೆ ಕೂತಾಗ ಬೂಟು ಎಸೆದರು.

ಮೇ 1945, ಜಪಾನಿನ ಓಕಿನಾವಾ ದ್ವೀಪದ ಮಾಯೆದಾ ಕಡಿಬಂಡೆ, ಅಂದರೆ ಸಿನಿಮಾದ ಹೆಸರಿನಲ್ಲಿರುವ ಹ್ಯಾಕ್‌ಸಾ ರಿಡ್ಜ್. ಜಪಾನೀಯರ ದಾಳಿ ಜೋರಾಗಿ ತುಕಡಿ ಕೆಳಗಿಳಿಯಿತು. ಗಾಯಾಳುಗಳು ಮೇಲೆಯೇ ಉಳಿದರು, ಡಾಸ್ ಕೂಡ ಅವರ ಜೊತೆ ಉಳಿದರು. ಗುಂಡಿನ ಮಳೆಯಲ್ಲಿ ಒಬ್ಬೊಬ್ಬರನ್ನೇ ಬಂಡೆಯ ಅಂಚಿಗೆ ಎಳೆದು ತಂದರು. ತರಬೇತಿಯಲ್ಲಿ ಹಗ್ಗಕ್ಕೆ ಗಂಟು ಹಾಕುವಾಗ ಆಕಸ್ಮಿಕವಾಗಿ ಎರಡು ಕುಣಿಕೆ ಬಿದ್ದಿತ್ತು. ಆ ಗಂಟು ಈಗ ನೆನಪಾಯಿತು. ಒಂದೊಂದು ಕುಣಿಕೆಗೆ ಒಂದೊಂದು ಕಾಲು ತೂರಿಸಿ, ಉಳಿದ ಹಗ್ಗವನ್ನು ಎದೆಗೆ ಸುತ್ತಿ, ಇನ್ನೊಂದು ತುದಿಯನ್ನು ಮರದ ಬುಡಕ್ಕೆ ಬಳಸಿ ಮೆಲ್ಲಗೆ ಇಳಿಬಿಟ್ಟರು. ‘ದೇವರೇ, ಇನ್ನೊಬ್ಬನನ್ನು ಉಳಿಸಲು ಸಹಾಯ ಮಾಡು’ ಅಂತ ಪ್ರತಿ ಸಲವೂ ಬೇಡಿಕೊಂಡರಂತೆ. ಎಷ್ಟು ಜನ ಉಳಿದರು? ಸೇನೆ ನೂರು ಅಂದಿತು, ಡಾಸ್ ಐವತ್ತಕ್ಕಿಂತ ಜಾಸ್ತಿ ಇರಲಾರದು ಅಂದರು. ಕೊನೆಗೆ 75 ಅಂತ ಬರೆದರು.

ಅದೇ ತಿಂಗಳ 21ರಂದು ಗ್ರೆನೇಡ್ ಸಿಡಿದು ಅವರ ಕಾಲುಗಳಿಗೆ ಗಾಯವಾಯಿತು. ಸ್ಟ್ರೆಚರ್ ಮೇಲೆ ಒಯ್ಯುವಾಗ ತನಗಿಂತ ಹೆಚ್ಚು ಗಾಯಗೊಂಡವನನ್ನು ಕಂಡು, ಕೆಳಗಿಳಿದು ಜಾಗ ಬಿಟ್ಟುಕೊಟ್ಟರು. ಆಮೇಲೆ ತೋಳಿಗೂ ಗುಂಡು ಬಿತ್ತು. ಮುರಿದ ಕೈಗೆ ಬಂದೂಕಿನ ಹಿಡಿಯನ್ನೇ ದಬ್ಬೆ ಕಟ್ಟಿಕೊಂಡು ತೆವಳಿದರು.

1945ರ ಅಕ್ಟೋಬರ್ 12ರಂದು ಅಧ್ಯಕ್ಷ ಟ್ರೂಮನ್ ಅವರಿಗೆ ಅಮೆರಿಕದ ಅತ್ಯುನ್ನತ ಸೇನಾ ಗೌರವ ಮೆಡಲ್ ಆಫ್ ಆನರ್ ತೊಡಿಸಿದರು. ಕಾನ್ಷಿಯೆನ್ಷಿಯಸ್ ಅಬ್ಜೆಕ್ಟರ್ ಒಬ್ಬರಿಗೆ ಅದು ಸಿಕ್ಕಿದ್ದು ಅದೇ ಮೊದಲು. ಮುಂದೆ ವಿಯೆಟ್ನಾಂ ಯುದ್ಧದಲ್ಲಿ ಥಾಮಸ್ ಬೆನೆಟ್ ಮತ್ತು ಜೋಸೆಫ್ ಲಾಪಾಯಿಂಟ್‌ಗೂ ಸಿಕ್ಕಿತು. ಇಬ್ಬರೂ ಮೆಡಿಕ್‌ಗಳು, ಇಬ್ಬರಿಗೂ ಮರಣೋತ್ತರವಾಗಿ.